ಉತ್ತೇಜಕ ಮದ್ದು ಮತ್ತು ಡೋಪಮೈನ್: ಬಗೆಹರಿದದ್ದೆಷ್ಟು, ಉಳಿದದ್ದೆಷ್ಟು

1995ರಲ್ಲಿ ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಿಂದ ಒಂದು ಪ್ರಬಂಧ ಹೊರಬಂತು. ನೋರಾ ವೋಲ್ಕೋವ್ ಮತ್ತು ಸಂಗಡಿಗರು ಎರಡು ಮದ್ದುಗಳಿಗೆ ವಿಕಿರಣ ಸೂಸುವ ಇಂಗಾಲದ ಗುರುತು ಹಚ್ಚಿ, ಸ್ವಯಂಸೇವಕರ ರಕ್ತನಾಳಕ್ಕೆ ಚುಚ್ಚಿ, ಅವು ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತವೆಂದು ಪೆಟ್ ಸ್ಕ್ಯಾನರ್‌ನಲ್ಲಿ ನೋಡಿದ್ದರು. ಒಂದು ಕೊಕೇನ್. ಇನ್ನೊಂದು ಮೀಥೈಲ್‌ಫೆನಿಡೇಟ್, ಅಂದರೆ ರಿಟಾಲಿನ್ ಎಂಬ ಹೆಸರಿನಲ್ಲಿ ಲಕ್ಷಾಂತರ ಶಾಲಾಮಕ್ಕಳು ಬೆಳಗಿನ ತಿಂಡಿಯ ಜೊತೆ ನುಂಗುವ ಮಾತ್ರೆಯಲ್ಲಿರುವ ಮದ್ದು. ಎರಡರ ಚಿತ್ರಗಳೂ ಹೆಚ್ಚುಕಡಿಮೆ ಒಂದೇ ಥರ ಇದ್ದವು. ಎರಡೂ ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದಲ್ಲಿ ದಟ್ಟವಾಗಿ ನೆಲೆಸಿದ್ದವು. ಎರಡೂ ಹಿಡಿದುಕೊಂಡದ್ದು ಅಲ್ಲಿನ ಒಂದೇ ಪ್ರೋಟೀನನ್ನು.

ಹಾಗಿದ್ದ ಮೇಲೆ ಒಂದು ಮನೆಮಠ ಕಳೆಯುವ ಚಟವಾಗುವುದು, ಇನ್ನೊಂದು ಕೂತಲ್ಲಿ ಕೂರದ ಮಗುವನ್ನು ಪಾಠಕ್ಕೆ ಕೂರಿಸುವ ಚಿಕಿತ್ಸೆಯಾಗುವುದು ಹೇಗೆ? ಆ ಪ್ರೋಟೀನು ಸಾಗಿಸುವ ಡೋಪಮೈನ್ ಎಂಬ ರಾಸಾಯನಿಕದ ಬಗ್ಗೆ ಕಳೆದ ಆರೇಳು ದಶಕಗಳಲ್ಲಿ ನಡೆದ ದೊಡ್ಡ ವಾದಗಳೆಲ್ಲ ಈ ಪ್ರಶ್ನೆಯ ಸುತ್ತ ಬಂದು ನಿಲ್ಲುತ್ತವೆ. ಈಗಂತೂ ಡೋಪಮೈನ್ ಬೀದಿಯ ಮಾತಾಗಿದೆ. ರೀಲ್ಸ್ ನೋಡಿದರೆ ಡೋಪಮೈನ್, ಜಿಲೇಬಿ ತಿಂದರೆ ಡೋಪಮೈನ್. ಅದನ್ನು ಸುಖದ ದ್ರವವೆಂದು ನಂಬಿ ಕೂತರೆ ಬ್ರೂಕ್‌ಹೇವನ್ನಿನ ಆ ಎರಡು ಚಿತ್ರಗಳ ಅರ್ಥವೇ ಆಗುವುದಿಲ್ಲ. ಮಿದುಳಿನಲ್ಲಿ ಡೋಪಮೈನ್ ಎಷ್ಟು ಏರಿತು ಎಂಬುದಕ್ಕಿಂತ ಎಲ್ಲಿ ಏರಿತು, ಎಷ್ಟು ಬೇಗ ಏರಿತು, ಯಾವ ಹೊತ್ತಿನಲ್ಲಿ ಏರಿತು ಎಂಬುದೇ ಮುಖ್ಯ ಎನ್ನುವುದು ನನ್ನ ತಿಳಿವಳಿಕೆ. ಆ ತಿಳಿವಳಿಕೆಗೆ ಬರಲು ವಿಜ್ಞಾನ ನಡೆದ ದಾರಿಯನ್ನೂ, ದಾರಿಯಲ್ಲಿ ಕವಲೊಡೆದ ಪಂಥಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟು ನೋಡೋಣ.

ಮದ್ದು ಮೊದಲು, ವಿವರಣೆ ಆಮೇಲೆ

ಉತ್ತೇಜಕಗಳು ಬಳಕೆಗೆ ಬಂದು ಎಷ್ಟೋ ಕಾಲವಾದ ಮೇಲೆ ಅವು ಏನು ಮಾಡುತ್ತವೆಂಬುದು ಗೊತ್ತಾಯಿತು. ಕೋಕಾ ಎಲೆಯಿಂದ ಕೊಕೇನನ್ನು ಜರ್ಮನಿಯ ಆಲ್ಬರ್ಟ್ ನೀಮನ್ 1860ರ ಹೊತ್ತಿಗೆ ಬೇರ್ಪಡಿಸಿದ್ದ. 1884ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಅದನ್ನು ಹೊಗಳಿ ಪ್ರಬಂಧ ಬರೆದ. ಅದೇ ವರ್ಷ ಅವನ ಸಹೋದ್ಯೋಗಿ ಕಾರ್ಲ್ ಕೋಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಅದು ಒಳ್ಳೆಯ ಅರಿವಳಿಕೆ ಎಂದು ತೋರಿಸಿದ. ಆಂಫೆಟಮಿನ್ 1887ರಲ್ಲಿ ಬರ್ಲಿನ್ನಿನಲ್ಲಿ ಲಾಜಾರ್ ಎಡೆಲೆಯಾನು ಎಂಬ ರೊಮೇನಿಯಾದ ರಸಾಯನಶಾಸ್ತ್ರಜ್ಞನ ಕೈಯಲ್ಲಿ ಹುಟ್ಟಿತು, ಆದರೆ ನಲವತ್ತು ವರ್ಷ ಯಾರೂ ಅದರತ್ತ ತಿರುಗಿ ನೋಡಲಿಲ್ಲ. ಎಫೆಡ್ರಾ ಗಿಡದಿಂದ ಎಫೆಡ್ರಿನ್ ಎಂಬ ಸತ್ವವನ್ನು ಬೇರ್ಪಡಿಸಿದ್ದ ಜಪಾನಿನ ನಾಗಾಯಿ ನಾಗಯೋಶಿ 1893ರಲ್ಲಿ ಅದರಿಂದ ಮೆಥಾಂಫೆಟಮಿನ್ ತಯಾರಿಸಿದ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಗಾರ್ಡನ್ ಆಲೆಸ್ ಎಫೆಡ್ರಿನ್‌ಗೆ ಬದಲಿ ಹುಡುಕುತ್ತಾ ಆಂಫೆಟಮಿನನ್ನು ಮತ್ತೆ ಹೊರತೆಗೆದ. ಮೂಗು ಕಟ್ಟಿದವರು ಸೇದುವ ಬೆಂಜೆಡ್ರಿನ್ ನಳಿಕೆಯಾಗಿ 1930ರ ದಶಕದಲ್ಲಿ ಅದು ಅಂಗಡಿಗೆ ಬಂತು.

1937ರ ಒಂದು ಘಟನೆಯ ಬಳಿ ಸ್ವಲ್ಪ ನಿಲ್ಲಬೇಕು. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ನಡವಳಿಕೆಯ ತೊಂದರೆಯಿದ್ದ ಮಕ್ಕಳಿಗಾಗಿ ಒಂದು ಆಸ್ಪತ್ರೆಯಿತ್ತು. ಚಾರ್ಲ್ಸ್ ಬ್ರಾಡ್ಲಿ ಅಲ್ಲಿನ ವೈದ್ಯ. ಆಗ ಮಿದುಳಿನ ಎಕ್ಸ್‌ರೇ ತೆಗೆಯಲು ಬೆನ್ನುಹುರಿಯ ದ್ರವವನ್ನು ಬಸಿದು ಗಾಳಿ ತುಂಬುತ್ತಿದ್ದರು. ಅದಾದ ಮೇಲೆ ಮಕ್ಕಳಿಗೆ ಸಹಿಸಲಾಗದ ತಲೆನೋವು. ಬೆಂಜೆಡ್ರಿನ್ ಕೊಟ್ಟರೆ ದ್ರವ ಬೇಗ ಊರಿ ನೋವು ಇಳಿಯಬಹುದೆಂದು ಬ್ರಾಡ್ಲಿ ಊಹಿಸಿದ. ತಲೆನೋವಿಗೆ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ, ಆದರೆ ಮಕ್ಕಳ ಓದು ಬದಲಾಯಿತು. ಮೂವತ್ತು ಮಕ್ಕಳಿಗೆ ಒಂದು ವಾರ ಮಾತ್ರೆ ಕೊಟ್ಟು ನೋಡಿದಾಗ ಹದಿನಾಲ್ಕು ಮಕ್ಕಳು ಶಾಲೆಯ ಕೆಲಸದಲ್ಲಿ ಗುರುತು ಸಿಗದಷ್ಟು ಮುಂದೆ ಹೋದರು. ಮಾತ್ರೆ ಕೊಟ್ಟ ದಿನವೇ ಬದಲಾವಣೆ ಕಂಡಿತು; ನಿಲ್ಲಿಸಿದ ದಿನವೇ ಮಾಯವಾಯಿತು. ಮಕ್ಕಳೇ ಅದಕ್ಕೆ ಲೆಕ್ಕದ ಮಾತ್ರೆ ಎಂದು ಹೆಸರಿಟ್ಟುಕೊಂಡರು. ಎಬ್ಬಿಸುವ ಮದ್ದು ಚಡಪಡಿಸುವ ಮಗುವನ್ನು ಶಾಂತಗೊಳಿಸಿದ್ದನ್ನು ಕಂಡು ಬ್ರಾಡ್ಲಿಗೇ ಅಚ್ಚರಿಯಾಗಿತ್ತು. ಈ ಒಗಟು ಮುಂದೆ ನಾಲ್ಕು ದಶಕ ಚಿಕಿತ್ಸೆಯ ದಾರಿ ತಪ್ಪಿಸಿತು. ಅದಕ್ಕೆ ಆಮೇಲೆ ಬರುತ್ತೇನೆ.

ಬ್ರಾಡ್ಲಿಯ ಪ್ರಯೋಗದ ಮರುವರ್ಷ ಜರ್ಮನಿಯಲ್ಲಿ ಪೆರ್ವಿಟಿನ್ ಹೆಸರಿನಲ್ಲಿ ಮೆಥಾಂಫೆಟಮಿನ್ ಮಾರಾಟಕ್ಕೆ ಬಂತು. 1940ರ ಏಪ್ರಿಲ್‌ನಿಂದ ಜುಲೈವರೆಗೆ ಜರ್ಮನ್ ಸೇನೆಗೆ ಹೋದ ಇಂಥ ಮಾತ್ರೆಗಳ ಸಂಖ್ಯೆ ಮೂರೂವರೆ ಕೋಟಿ ದಾಟಿತು. ಬ್ರಿಟನ್, ಅಮೆರಿಕ, ಜಪಾನ್ ಸೇನೆಗಳೂ ಹಿಂದೆ ಬೀಳಲಿಲ್ಲ. ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಈ ಚಟ ಊರೂರಿಗೆ ಹರಡಿತು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪಾನಿಝೋನ್ ಮೀಥೈಲ್‌ಫೆನಿಡೇಟ್ ತಯಾರಿಸಿ, ಹೆಂಡತಿ ರೀಟಾಳ ಹೆಸರಿನಿಂದ ಅದನ್ನು ರಿಟಾಲಿನ್ ಎಂದು ಕರೆದ. 1958ರಲ್ಲಿ ಲಂಡನ್ನಿನ ಫಿಲಿಪ್ ಕಾನೆಲ್, ಆಂಫೆಟಮಿನ್ ಹೆಚ್ಚು ತೆಗೆದುಕೊಂಡವರಲ್ಲಿ ಇಲ್ಲದ ದನಿ ಕೇಳುವ, ಎಲ್ಲರೂ ತಮ್ಮ ಬೆನ್ನು ಹತ್ತಿದ್ದಾರೆಂದು ಶಂಕಿಸುವ ಚಿತ್ತವಿಕಾರವನ್ನು ವಿವರಿಸಿ ಪುಸ್ತಕ ಬರೆದ. ಅಷ್ಟು ಹೊತ್ತಿಗೆ ಮದ್ದಿನ ಗುಣವೂ ದೋಷವೂ ಜಗತ್ತಿನ ಕಣ್ಣಿಗೆ ಬಿದ್ದಿದ್ದವು. ಮಿದುಳಿನೊಳಗೆ ಅದು ಮುಟ್ಟುವುದು ಏನನ್ನು ಎಂಬುದು ಮಾತ್ರ ಕತ್ತಲಲ್ಲಿತ್ತು.

ಸರ್ಪಗಂಧದಿಂದ ಸ್ವೀಡನ್ನಿನ ಮೊಲದವರೆಗೆ

ಆ ಕತ್ತಲಿಗೆ ಮೊದಲ ಬೆಳಕು ಬಂದದ್ದು ನಮ್ಮ ಕಾಡಿನ ಬೇರಿನಿಂದ. ಹುಚ್ಚಿಗೂ ಹಾವಿನ ಕಡಿತಕ್ಕೂ ನಾಟಿವೈದ್ಯರು ಕೊಡುತ್ತಿದ್ದ ಸರ್ಪಗಂಧದ ಬಗ್ಗೆ 1931ರಲ್ಲಿ ಕಲ್ಕತ್ತೆಯ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ ಬರೆದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅದು ರಕ್ತದೊತ್ತಡ ಇಳಿಸುತ್ತದೆಂದು ಬ್ರಿಟಿಷ್ ಹೃದಯ ಪತ್ರಿಕೆಯಲ್ಲಿ ವರದಿ ಮಾಡಿದರು. 1952ರಲ್ಲಿ ಅದೇ ಸೀಬಾ ಕಂಪನಿ ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ವ ತೆಗೆಯಿತು.

ಸ್ವೀಡನ್ನಿನ ಲುಂಡ್ ನಗರದಲ್ಲಿ ಆರ್ವಿಡ್ ಕಾರ್ಲ್‌ಸನ್ ಈ ರಿಸರ್ಪಿನನ್ನು ಮೊಲಗಳಿಗೆ ಚುಚ್ಚಿದ. ಮೊಲಗಳ ಕಿವಿ ಜೋತುಬಿದ್ದವು. ಇಟ್ಟಲ್ಲಿ ಇಟ್ಟಂತೆ, ಮುಟ್ಟಿದರೂ ಅಲುಗದೆ ಕೂತವು. ಆಮೇಲೆ ಎಲ್-ಡೋಪಾ ಎಂಬ ಅಮೈನೋ ಆಮ್ಲ ಕೊಟ್ಟ. ಸ್ವಲ್ಪ ಹೊತ್ತಿಗೆಲ್ಲ ಕಿವಿ ನೆಟ್ಟಗಾಗಿ ಮೊಲಗಳು ಓಡಾಡತೊಡಗಿದವು. ಎಲ್-ಡೋಪಾದಿಂದ ದೇಹ ಮಾಡಿಕೊಳ್ಳುವುದು ಡೋಪಮೈನನ್ನು. ಅದನ್ನು 1910ರಲ್ಲೇ ಲಂಡನ್ನಿನಲ್ಲಿ ತಯಾರಿಸಿದ್ದರೂ, ನಾರ್‌ಅಡ್ರಿನಾಲಿನ್ ಎಂಬ ಇನ್ನೊಂದು ನರ ರಾಸಾಯನಿಕ ಆಗುವ ದಾರಿಯಲ್ಲಿನ ಒಂದು ಮೆಟ್ಟಿಲು ಎಂದಷ್ಟೇ ಎಲ್ಲರೂ ಎಣಿಸಿದ್ದರು. 1957ರಲ್ಲಿ ಬ್ರಿಟನ್ನಿನ ಕ್ಯಾಥ್ಲೀನ್ ಮಾಂಟೆಗು ಅದನ್ನು ಮಿದುಳಿನಲ್ಲಿ ಪತ್ತೆಮಾಡಿದ್ದರು. ಅದು ನರಕೋಶಗಳ ನಡುವೆ ಸಂದೇಶ ಒಯ್ಯುವ ಸ್ವತಂತ್ರ ನರವಾಹಕವೆಂದು ಕಾರ್ಲ್‌ಸನ್ ಹೇಳಿದಾಗ 1960ರ ಲಂಡನ್ ಸಭೆಯಲ್ಲಿ ಹಿರಿಯರು ನಂಬಲಿಲ್ಲ. ಅವನಿಗೆ ನೊಬೆಲ್ ಬರಲು 2000ನೇ ಇಸವಿಯವರೆಗೆ ಕಾಯಬೇಕಾಯಿತು.

ಮನುಷ್ಯನ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಡೋಪಮೈನ್ ತಯಾರಿಸುವವು ಕೆಲವೇ ಲಕ್ಷ. ಹೆಚ್ಚಿನವು ನಡುಮಿದುಳಿನಲ್ಲಿವೆ. ಅವುಗಳ ಎಳೆಗಳು ಸ್ಟ್ರಯೇಟಮ್‌ಗೂ, ಅದರ ತಳಭಾಗದ ನ್ಯೂಕ್ಲಿಯಸ್ ಅಕಂಬೆನ್ಸ್‌ಗೂ, ಹಣೆಯ ಹಿಂದಿನ ಮುಮ್ಮಿದುಳಿಗೂ ಹರಡಿವೆ. ಈ ಮೂರು ನೆಲೆಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಜಗಳಗಳೆಲ್ಲ ಇವುಗಳ ನಡುವೆಯೇ ನಡೆಯುವುದು.

ಸಂದಿಯಲ್ಲಿ ನಡೆಯುವುದು

ಮದ್ದು ಕೋಶದ ಮಟ್ಟದಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದು ನಮಗೆ ಸಾಕಷ್ಟು ಗೊತ್ತಿದೆ. ಒಂದು ನರಕೋಶ ಮಿಡಿದಾಗ ಅದರ ತುದಿಯ ಪುಟ್ಟ ಸಂಚಿಗಳು ಒಡೆದು ಡೋಪಮೈನ್ ಎರಡು ಕೋಶಗಳ ನಡುವಿನ ಸಂದಿಗೆ ಹೊರಚೆಲ್ಲುತ್ತದೆ, ಎದುರಿನ ಕೋಶದ ಗ್ರಾಹಕಗಳನ್ನು ತಟ್ಟುತ್ತದೆ. ಹೊರಚೆಲ್ಲಿದ್ದನ್ನು ಮರಳಿ ಒಳಗೆ ಎಳೆದುಕೊಳ್ಳಲು ಒಂದು ಸಾಗಣೆ ಪ್ರೋಟೀನು ಇದೆ. ಎರಡು ಸೋಡಿಯಂ, ಒಂದು ಕ್ಲೋರೈಡ್ ಅಯಾನುಗಳ ಜೊತೆ ಒಂದು ಡೋಪಮೈನ್ ಅಣು ಒಳಗೆ ಹೋಗುತ್ತದೆ. ಸಂದಿಯನ್ನು ಕೆರೆಯೆಂದುಕೊಂಡರೆ ಈ ಪ್ರೋಟೀನು ಅದರ ತೂಬು. ಕೊಕೇನ್ ಮತ್ತು ಮೀಥೈಲ್‌ಫೆನಿಡೇಟ್ ತೂಬನ್ನು ಮುಚ್ಚುತ್ತವೆ. ಸಹಜವಾಗಿ ಬಂದ ನೀರು ಹೊರಹೋಗದೆ ನಿಲ್ಲುತ್ತದೆ. ಆಂಫೆಟಮಿನ್ ಮತ್ತು ಮೆಥಾಂಫೆಟಮಿನ್ ಹಾಗಲ್ಲ, ಅವುಗಳಿಂದ ತೂಬಿನಲ್ಲೇ ನೀರು ಹಿಮ್ಮುಖವಾಗಿ ಕೆರೆಗೆ ನುಗ್ಗುತ್ತದೆ.

ಈ ಹಿಮ್ಮುಖ ಹರಿವಿನ ವಿವರ ಗಮನಿಸಬೇಕಾದದ್ದು. ಆಂಫೆಟಮಿನ್ ಅಣುವನ್ನು ಸಾಗಣೆ ಪ್ರೋಟೀನು ಡೋಪಮೈನ್ ಎಂದೇ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಹೋದದ್ದು ಸಂಚಿಗಳನ್ನು ಹೊಕ್ಕು ಅವುಗಳ ಆಮ್ಲೀಯತೆಯನ್ನು ಕೆಡಿಸುತ್ತದೆ. 1990ರಲ್ಲಿ ಡೇವಿಡ್ ಸುಲ್ಜರ್ ಮತ್ತು ಸ್ಟೀಫನ್ ರೇಪೋರ್ಟ್ ಇದನ್ನು ತೋರಿಸಿದರು. ಸಂಚಿಯಲ್ಲಿ ಕೂಡಿಟ್ಟ ಡೋಪಮೈನ್ ಕೋಶದೊಳಗೇ ಸೋರಿ, ಸಾಗಣೆ ಪ್ರೋಟೀನಿನ ಮೂಲಕ ಹೊರಗೆ ಬರುತ್ತದೆ. ನರಕೋಶ ಮಿಡಿಯಬೇಕೆಂದೇ ಇಲ್ಲ. ಕೊಕೇನ್ ಇರುವ ಸಂದೇಶವನ್ನು ಹಿಗ್ಗಿಸಿದರೆ ಆಂಫೆಟಮಿನ್ ಸಂದೇಶವೇ ಇಲ್ಲದೆ ಸದ್ದು ಮಾಡುತ್ತದೆ ಎಂಬುದು ಪಠ್ಯಪುಸ್ತಕದ ಮಾತಾಗಿತ್ತು. ಆದರೆ ಈಚಿನ ಪ್ರಯೋಗಗಳಲ್ಲಿ ಆಂಫೆಟಮಿನ್ ಸಹಜ ಮಿಡಿತದ ಬಿಡುಗಡೆಯನ್ನೂ ಹೆಚ್ಚಿಸುವುದು ಕಂಡಿದೆ. ಹಾಗಾಗಿ ಇಲ್ಲೂ ಮಾತು ಮುಗಿದಿಲ್ಲ.

ಸಾಗಣೆ ಪ್ರೋಟೀನಿನ ಆಕಾರವನ್ನು ಮೊದಲು ಕಂಡದ್ದು ಹಣ್ಣುನೊಣದಲ್ಲಿ. ಅಮೆರಿಕದ ಎರಿಕ್ ಗೋವೋ ಪ್ರಯೋಗಾಲಯದಲ್ಲಿ 2013ರಲ್ಲಿ ಆ ರಚನೆ ಬಿಡಿಸಿದ ಪ್ರಬಂಧದ ಮೊದಲ ಲೇಖಕ ಅರವಿಂದ್ ಪೆನ್ಮತ್ಸ. ಈಚಿನ ವರ್ಷಗಳಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥವೇ ಪ್ರೋಟೀನುಗಳ ಬೆನ್ನು ಹತ್ತಿದ್ದಾರೆ. ಡೋಪಮೈನ್ ಕೂರಬೇಕಾದ ಕುಳಿಯಲ್ಲೇ ಕೊಕೇನ್ ಕೂತು, ಪ್ರೋಟೀನು ಹೊರಗೆ ಬಾಯಿ ತೆರೆದ ಭಂಗಿಯಲ್ಲೇ ಸಿಕ್ಕಿಬೀಳುವಂತೆ ಮಾಡುವುದು ಎರಡು ವರ್ಷದ ನಂತರದ ಚಿತ್ರಗಳಲ್ಲಿ ಕಂಡಿತು. 2024ರಲ್ಲಿ ಮನುಷ್ಯನ ಪ್ರೋಟೀನಿನಲ್ಲೂ ಅದನ್ನೇ ನೋಡಿದ್ದಾಯಿತು.

ನಮ್ಮ ಕಾಫಿಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕೆಫೀನೂ ಉತ್ತೇಜಕವೇ. ಆದರೆ ಅದು ಈ ಪ್ರೋಟೀನಿನ ತಂಟೆಗೆ ಹೋಗುವುದಿಲ್ಲ. ನಿದ್ದೆಯ ಒತ್ತಡ ಹೆಚ್ಚಿಸುವ ಅಡೆನೊಸಿನ್ ಎಂಬ ರಾಸಾಯನಿಕದ ಗ್ರಾಹಕಗಳಿಗೆ ಅಡ್ಡ ಕೂರುತ್ತದೆ. ಆ ಗ್ರಾಹಕಗಳು ಡೋಪಮೈನ್ ಗ್ರಾಹಕಗಳ ಪಕ್ಕದಲ್ಲೇ ಇರುವುದರಿಂದ ಪರೋಕ್ಷ ಪರಿಣಾಮ ಉಂಟು, ಅಷ್ಟೇ.

ಸುಖದ ವಾದ, ಅದರ ಏಳುಬೀಳು

ತೂಬು ಮುಚ್ಚಿದರೆ ಡೋಪಮೈನ್ ಏರುತ್ತದೆ, ಸರಿ. ಏರಿದರೆ ಮನಸ್ಸಿನಲ್ಲಿ ಏನಾಗುತ್ತದೆ? ಮೊದಲ ಉತ್ತರ: ಸುಖವಾಗುತ್ತದೆ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿನಲ್ಲಿ ತಂತಿ ಹೂಡಿ, ಗುಂಡಿ ಒತ್ತಿದರೆ ಸಣ್ಣ ವಿದ್ಯುತ್ ಹರಿಯುವಂತೆ ಮಾಡಿದಾಗ ಇಲಿಗಳು ಬಿಡದೆ ಒತ್ತಿದ್ದವು. ಆ ಜಾಗಗಳಲ್ಲಿ ಡೋಪಮೈನ್ ಎಳೆಗಳು ಹಾದುಹೋಗುತ್ತವೆಂದು ಆಮೇಲೆ ತಿಳಿಯಿತು. ಡೋಪಮೈನ್ ತಡೆಯುವ ಮದ್ದು ಕೊಟ್ಟರೆ ಇಲಿಗಳಿಗೆ ಊಟದ ರುಚಿಯೇ ಹೋಗುತ್ತದೆಂದು ರಾಯ್ ವೈಸ್ 1978ರಿಂದ 1982ರವರೆಗೆ ವಾದಿಸಿದರು. 1987ರಲ್ಲಿ ಮೈಕೆಲ್ ಕೂಹರ್ ತಂಡ ಒಂದು ಗಟ್ಟಿ ಆಧಾರ ಕೊಟ್ಟಿತು: ಕೊಕೇನ್ ಬಳಗದ ಮದ್ದುಗಳಲ್ಲಿ ಯಾವುದು ಡೋಪಮೈನ್ ಸಾಗಣೆ ಪ್ರೋಟೀನನ್ನು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೋ ಅದನ್ನೇ ಪ್ರಾಣಿಗಳು ಹೆಚ್ಚು ಬಯಸಿ ಚುಚ್ಚಿಕೊಳ್ಳುತ್ತವೆ. ಮರುವರ್ಷ ಇಟಲಿಯ ಗೇಟಾನೊ ಡಿ ಕಿಯಾರಾ ಮತ್ತು ಅಸುಂತಾ ಇಂಪೆರಾಟೊ, ಚಟ ಹತ್ತಿಸುವ ಮದ್ದುಗಳೆಲ್ಲ ಅಕಂಬೆನ್ಸ್‌ನಲ್ಲಿ ಡೋಪಮೈನ್ ಏರಿಸುತ್ತವೆಂದು ತೋರಿಸಿದರು. ಅಲ್ಲಿಂದ ವಾದ ಪತ್ರಿಕೆಗಳಿಗೆ ಹೋಯಿತು, ಇಂದಿಗೂ ಅಲ್ಲೇ ಇದೆ.

ಪ್ರಯೋಗಾಲಯದಲ್ಲಿ ಅದು ಉಳಿಯಲಿಲ್ಲ. ಮಿಶಿಗನ್‌ನ ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ ಇಲಿಗಳ ಸ್ಟ್ರಯೇಟಮ್‌ನ ಡೋಪಮೈನ್ ಎಳೆಗಳನ್ನು ಹೆಚ್ಚುಕಡಿಮೆ ಪೂರ್ತಿ ನಾಶಮಾಡಿದರು. ಅಂಥ ಇಲಿ ಮುಂದೆ ಆಹಾರವಿದ್ದರೂ ತಿನ್ನಲು ಹೋಗದು. ಕೈಯಾರೆ ಉಣಿಸದಿದ್ದರೆ ಸಾಯುತ್ತದೆ. ಆದರೆ ನಾಲಿಗೆಗೆ ಸಕ್ಕರೆ ನೀರು ಬಿಟ್ಟರೆ ಎಂದಿನಂತೆ ತುಟಿ ಚಪ್ಪರಿಸುತ್ತದೆ, ಕಹಿ ಬಿಟ್ಟರೆ ಬಾಯಿ ಅಗಲಿಸಿ ತಲೆ ಕೊಡವುತ್ತದೆ. ಇಷ್ಟವಾಗುವುದು ಉಳಿದಿದೆ, ಬೇಕೆನ್ನಿಸುವುದು ಹೋಗಿದೆ. ಮನುಷ್ಯರಲ್ಲೂ ಇದಕ್ಕೆ ಹೋಲುವ ಫಲಿತಾಂಶ ಸಿಕ್ಕಿತು: ಮಾರ್ಕೊ ಲೇಟನ್ ತಂಡ ಆಹಾರದ ಮೂಲಕ ಡೋಪಮೈನ್ ತಯಾರಿಕೆಯನ್ನು ತಗ್ಗಿಸಿದಾಗ ಕೊಕೇನ್ ಬಳಸುವವರ ಹಂಬಲ ಇಳಿಯಿತು, ಅಮಲಿನ ಸುಖ ಇಳಿಯಲಿಲ್ಲ. ಡೋಪಮೈನ್ ಪ್ರಮಾಣಕ್ಕೆ ತಕ್ಕಂತೆ ಸುಖ ಇರುತ್ತದೆಂಬ ನಂಬಿಕೆಯನ್ನು ವೈಸ್ ಅವರೇ ಕೊನೆಗೆ ಕೈಬಿಟ್ಟರು. ಹಳೆಯ ವಾದ ಪೂರ್ತಿ ಸತ್ತಿತು ಎನ್ನುವಂತೆಯೂ ಇಲ್ಲ, ಏಕೆಂದರೆ ವೋಲ್ಕೋವ್ ಸ್ಕ್ಯಾನ್‌ಗಳಲ್ಲಿ ಡೋಪಮೈನ್ ಹೆಚ್ಚು ಏರಿದವರೇ ಅಮಲು ಹೆಚ್ಚೆಂದು ಹೇಳಿದ್ದಾರೆ. ನನ್ನ ಮಟ್ಟಿಗೆ ಬೆರಿಡ್ಜ್ ಪಂಥದ ತಕ್ಕಡಿ ತಗ್ಗುತ್ತದೆ: ಸಾಕಾಗಿದೆ, ಸುಖವೂ ಇಲ್ಲ, ಆದರೂ ಬಿಡಲಾಗುತ್ತಿಲ್ಲ ಎಂದು ಹೇಳುವ ವ್ಯಸನಿಯನ್ನು ಸುಖದ ವಾದ ವಿವರಿಸಲಾರದು, ಇದು ವಿವರಿಸುತ್ತದೆ.

ಕಲಿಕೆ, ರೂಢಿ, ಕೊರತೆ

ಮೂರನೆಯ ಪಂಥ ಡೋಪಮೈನನ್ನು ಕಲಿಕೆಯ ಸಂಕೇತವೆನ್ನುತ್ತದೆ. ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಡೋಪಮೈನ್ ಕೋಶಗಳ ಮಿಡಿತವನ್ನು ಆಲಿಸಿದರು. ನಿರೀಕ್ಷೆಯಿಲ್ಲದೆ ಹಣ್ಣಿನ ರಸ ಸಿಕ್ಕರೆ ಕೋಶ ಮಿಡಿಯುತ್ತದೆ. ದೀಪ ಹತ್ತಿದ ಮೇಲೆ ರಸ ಬರುತ್ತದೆಂದು ಕೋತಿ ಕಲಿತ ಮೇಲೆ ದೀಪಕ್ಕೆ ಮಿಡಿಯುತ್ತದೆ, ರಸಕ್ಕಲ್ಲ. ದೀಪ ಹತ್ತಿಯೂ ರಸ ಬಾರದಿದ್ದರೆ ಮಿಡಿತ ಸರಿಯಾಗಿ ಆ ಗಳಿಗೆಗೆ ಕುಸಿಯುತ್ತದೆ. ಎಣಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವೇ ಈ ಸಂಕೇತ ಎಂದು 1997ರಲ್ಲಿ ಪೀಟರ್ ದಯಾನ್, ರೀಡ್ ಮಾಂಟೆಗು ಜೊತೆ ಸೇರಿ ಅವರು ಬರೆದ ಲೇಖನ ನರವಿಜ್ಞಾನದ ದಿಕ್ಕನ್ನೇ ಬದಲಿಸಿತು. ಉತ್ತೇಜಕಗಳಿಗೆ ಇದನ್ನು ಅನ್ವಯಿಸಿದ ಡೇವಿಡ್ ರೆಡಿಶ್ 2004ರಲ್ಲಿ ಹೇಳಿದ್ದು: ರಸ ಎಣಿಸಿದಂತೆ ಬಂದಾಗ ಸಂಕೇತ ಶೂನ್ಯವಾಗಬೇಕು, ಆದರೆ ಮದ್ದು ನೇರವಾಗಿ ಡೋಪಮೈನ್ ಏರಿಸುವುದರಿಂದ ಪ್ರತಿ ಸಲವೂ ಎಣಿಸಿದ್ದಕ್ಕಿಂತ ಹೆಚ್ಚು ಸಿಕ್ಕಿತೆಂಬ ಸುಳ್ಳು ಸುದ್ದಿ ಹೋಗುತ್ತದೆ; ಬೆಲೆ ಏರುತ್ತಲೇ ಇರುತ್ತದೆ. ಸೊಗಸಾದ ವಿವರಣೆ. ಆದರೆ 2007ರಲ್ಲಿ ಇಲಿಗಳ ಮೇಲೆ ಅದನ್ನು ಒರೆಗೆ ಹಚ್ಚಿದಾಗ ಕೊಕೇನನ್ನೂ ಇಲಿಗಳು ಎಣಿಸಲು ಕಲಿಯುತ್ತವೆಂದು ಕಂಡಿತು. ಲೆಕ್ಕ ಅಷ್ಟು ಸರಳವಿಲ್ಲ.

ಕೇಂಬ್ರಿಜ್‌ನ ಬ್ಯಾರಿ ಎವೆರಿಟ್ ಮತ್ತು ಟ್ರೆವರ್ ರಾಬಿನ್ಸ್ ಚಟದ ಬೆಳವಣಿಗೆಯನ್ನು ಜಾಗದ ಬದಲಾವಣೆಯಾಗಿ ನೋಡುತ್ತಾರೆ: ಮೊದಲು ಸ್ಟ್ರಯೇಟಮ್‌ನ ತಳಭಾಗದಲ್ಲಿ ಇಚ್ಛೆಯಾಗಿದ್ದದ್ದು ಕ್ರಮೇಣ ಮೇಲ್ಭಾಗಕ್ಕೆ ಹೋಗಿ ರೂಢಿಯಾಗುತ್ತದೆ. ಜಾರ್ಜ್ ಕೂಬ್ ಕೊರತೆಯ ಕಡೆಯಿಂದ ಬರುತ್ತಾರೆ. ಮಿದುಳು ಡೋಪಮೈನ್ ಪ್ರವಾಹಕ್ಕೆ ಹೊಂದಿಕೊಳ್ಳಲು ತನ್ನ ಸಾಮಾನ್ಯ ಮಟ್ಟವನ್ನೇ ಇಳಿಸಿಕೊಂಡು, ಮದ್ದಿಲ್ಲದ ದಿನವನ್ನು ಅಸಹನೀಯ ಮಾಡುತ್ತದೆ. ಕೊಕೇನ್ ಬಳಸುವವರಲ್ಲಿ ಡಿ2 ಎಂಬ ಡೋಪಮೈನ್ ಗ್ರಾಹಕಗಳು ಕಡಿಮೆಯಿರುವುದು ಈ ವಾದಕ್ಕೆ ಬಲ. ಆದರೆ ಮದ್ದಿನಿಂದ ಗ್ರಾಹಕ ಇಳಿಯಿತೋ, ಗ್ರಾಹಕ ಕಡಿಮೆಯಿದ್ದವರೇ ಮದ್ದಿಗೆ ಬಿದ್ದರೋ? 2002ರಲ್ಲಿ ಅಮೆರಿಕದ ವೇಕ್ ಫಾರೆಸ್ಟ್‌ನಲ್ಲಿ ಒಂಟಿಯಾಗಿದ್ದ ಕೋತಿಗಳನ್ನು ಗುಂಪುಗೂಡಿಸಿದಾಗ, ಗುಂಪಿನ ಯಜಮಾನಿಕೆ ಹಿಡಿದ ಕೋತಿಗಳಲ್ಲಿ ಡಿ2 ಗ್ರಾಹಕ ಏರಿತು, ಅವು ಕೊಕೇನ್ ಕಡಿಮೆ ತೆಗೆದುಕೊಂಡವು. ಕೆಳಗೆ ಬಿದ್ದವು ಹೆಚ್ಚು ತೆಗೆದುಕೊಂಡವು. ಈ ಪ್ರಯೋಗ ನನ್ನನ್ನು ಬಹಳ ಕಾಡಿದೆ. ಮಿದುಳಿನ ರಸಾಯನವನ್ನು ಬದುಕಿನ ಸ್ಥಿತಿಗತಿಯೂ ಬದಲಿಸುವುದಾದರೆ, ಚಟವನ್ನು ಬರೀ ಅಣುವಿನ ಲೆಕ್ಕದಲ್ಲಿ ಹಿಡಿಯಲು ಹೊರಡುವುದೇ ಅರೆಬರೆ ಕೆಲಸ.

ವೇಗವೇ ವಿಷ

ಈಗ ಬ್ರೂಕ್‌ಹೇವನ್ನಿನ ಎರಡು ಚಿತ್ರಗಳ ಅರ್ಥ ಬಿಡಿಸಬಹುದು. ಅದೇ ಪ್ರಯೋಗದಲ್ಲಿ ಗಡಿಯಾರವೂ ಓಡುತ್ತಿತ್ತು. ರಕ್ತನಾಳಕ್ಕೆ ಕೊಟ್ಟಾಗ ಎರಡೂ ಹತ್ತು ನಿಮಿಷದೊಳಗೆ ಮಿದುಳಿನಲ್ಲಿ ತುದಿ ಮುಟ್ಟಿದವು. ಕೊಕೇನ್ ಅರ್ಧಕ್ಕಿಳಿಯಲು ಸುಮಾರು 20 ನಿಮಿಷ ಹಿಡಿಯಿತು, ಮೀಥೈಲ್‌ಫೆನಿಡೇಟ್‌ಗೆ ಸುಮಾರು 90. ವಿಚಿತ್ರವೆಂದರೆ ಮೀಥೈಲ್‌ಫೆನಿಡೇಟ್ ಇನ್ನೂ ಪ್ರೋಟೀನನ್ನು ಹಿಡಿದು ಕೂತಿರುವಾಗಲೇ ಅಮಲು ಇಳಿದುಹೋಗಿತ್ತು. ಅಂದರೆ ಅಮಲು ಹುಟ್ಟುವುದು ಡೋಪಮೈನ್ ಮೇಲೆ ನಿಂತಾಗ ಅಲ್ಲ, ಮೇಲೇರುವಾಗ. ಬೇಗ ಇಳಿಯುವ ಕೊಕೇನನ್ನು ಮತ್ತೆ ಮತ್ತೆ ಚುಚ್ಚಿಕೊಳ್ಳಬಹುದು. ನಿಧಾನ ಇಳಿಯುವ ಮೀಥೈಲ್‌ಫೆನಿಡೇಟ್ ತಾನೇ ಅಡ್ಡ ನಿಲ್ಲುತ್ತದೆ.

ಮಾತ್ರೆಯಾಗಿ ನುಂಗಿದಾಗಲೂ ಚಿಕಿತ್ಸೆಯ ಪ್ರಮಾಣದ ಮೀಥೈಲ್‌ಫೆನಿಡೇಟ್ ಅರ್ಧಕ್ಕಿಂತ ಹೆಚ್ಚು ಸಾಗಣೆ ಪ್ರೋಟೀನುಗಳನ್ನು ಮುಚ್ಚುತ್ತದೆಂದು ಅದೇ ತಂಡ 1998ರಲ್ಲಿ ತೋರಿಸಿತು. ಅಮಲೇರಿಸಲು ಸಾಕಾಗುವಷ್ಟೇ ಅದು. ಆದರೆ ತುದಿ ಮುಟ್ಟಲು ಒಂದೆರಡು ಗಂಟೆ ಬೇಕು, ಅಮಲು ಬರುವುದಿಲ್ಲ. 2023ರಲ್ಲಿ ಪೀಟರ್ ಮಾನ್ಜಾ ಮತ್ತು ವೋಲ್ಕೋವ್ ಇಪ್ಪತ್ತು ಜನರಿಗೆ ಅದೇ ಮದ್ದನ್ನು ಒಮ್ಮೆ ಬಾಯಿಗೆ, ಒಮ್ಮೆ ರಕ್ತನಾಳಕ್ಕೆ ಕೊಟ್ಟು, ಎರಡು ಬಗೆಯ ಸ್ಕ್ಯಾನ್ ಒಟ್ಟಿಗೆ ಮಾಡಿದಾಗ, ಬೇಗ ಏರಿದ ಡೋಪಮೈನ್‌ಗೆ ಮಾತ್ರ ಸ್ಪಂದಿಸುವ ಒಂದು ನರಜಾಲ ಕಂಡಿತು. ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕಾಣುವ ತಿಳಿವು ಇದೇ. ಔಷಧ ಕಂಪನಿಗಳೂ ಇದನ್ನು ನಂಬಿ ಮಾತ್ರೆ ಮಾಡಿವೆ: 2007ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲಿಸ್‌ಡೆಕ್ಸಾಂಫೆಟಮಿನ್‌ನಲ್ಲಿ ಆಂಫೆಟಮಿನ್‌ಗೆ ಲೈಸಿನ್ ಎಂಬ ಅಮೈನೋ ಆಮ್ಲ ಅಂಟಿಸಲಾಗಿದೆ; ರಕ್ತದಲ್ಲಿ ಅದು ಕಳಚುವವರೆಗೆ ಮದ್ದು ಕೆಲಸ ಮಾಡದು, ಪುಡಿಮಾಡಿ ಮೂಗಿಗೇರಿಸಿದರೂ ಅವಸರ ಹೆಚ್ಚುವುದಿಲ್ಲ.

ತರಗತಿಯ ಮಾತ್ರೆ

ಬ್ರಾಡ್ಲಿಯ ಒಗಟಿಗೆ ಬರೋಣ. ಚಡಪಡಿಸುವ ಮಗುವನ್ನು ಉತ್ತೇಜಕ ಶಾಂತಗೊಳಿಸಿತೆಂದರೆ ಆ ಮಗುವಿನ ಮಿದುಳೇ ತಿರುಗುಮುರುಗಾಗಿರಬೇಕು ಎಂದು ಬಹುಕಾಲ ನಂಬಿದ್ದರು. ಮಾತ್ರೆ ನಾಟಿದರೆ ಕಾಯಿಲೆ ಇದ್ದಂತೆಯೇ ಎಂದು ತೀರ್ಮಾನಿಸಿದ ವೈದ್ಯರೂ ಇದ್ದರು. 1978ರಲ್ಲಿ ಜೂಡಿತ್ ರಾಪೊಪೋರ್ಟ್ ಯಾವ ತೊಂದರೆಯೂ ಇಲ್ಲದ ಹದಿನಾಲ್ಕು ಹುಡುಗರಿಗೆ ಡೆಕ್ಸ್‌ಟ್ರೋಆಂಫೆಟಮಿನ್ ಕೊಟ್ಟು ನೋಡಿದರು. ಅವರೂ ಕಡಿಮೆ ಅಲುಗಾಡಿದರು, ಗಮನವೂ ಹೆಚ್ಚಿತು. ಒಗಟು ಎಂದೂ ಒಗಟಾಗಿರಲಿಲ್ಲ. ಸಣ್ಣ ಪ್ರಮಾಣದ ಉತ್ತೇಜಕ ಯಾರಿಗೆ ಕೊಟ್ಟರೂ ಅದನ್ನೇ ಮಾಡುತ್ತದೆ. ಈ ಮಾತು ಇವತ್ತಿಗೂ ಎಷ್ಟೋ ತಂದೆತಾಯಿಗಳಿಗೆ ತಲುಪಿಲ್ಲ, ತಲುಪಬೇಕು. ಮಾತ್ರೆಯಿಂದ ಮಗು ಕೂತು ಓದಿತೆಂಬುದು ಗಮನ ನಿಲ್ಲದ, ಚಡಪಡಿಕೆಯ ಕಾಯಿಲೆಯಾದ ಎಡಿಎಚ್‌ಡಿಗೆ ಪುರಾವೆಯಲ್ಲ.

ಹಾಗಾದರೆ ಸಣ್ಣ ಪ್ರಮಾಣ ಕೆಲಸ ಮಾಡುವುದು ಎಲ್ಲಿ? ಒಂದು ಪಂಥ ಮುಮ್ಮಿದುಳನ್ನು ತೋರಿಸುತ್ತದೆ. ಅಲ್ಲಿ ಡೋಪಮೈನ್ ಸಾಗಣೆ ಪ್ರೋಟೀನು ವಿರಳ. ನಾರ್‌ಅಡ್ರಿನಾಲಿನ್ ಸಾಗಣೆ ಪ್ರೋಟೀನೇ ಎರಡನ್ನೂ ಎಳೆದುಕೊಳ್ಳುತ್ತದೆ. ಸಣ್ಣ ಪ್ರಮಾಣದ ಮೀಥೈಲ್‌ಫೆನಿಡೇಟ್ ಇಲಿಗಳ ಮುಮ್ಮಿದುಳಲ್ಲಿ ಹೆಚ್ಚು, ಅಕಂಬೆನ್ಸ್‌ನಲ್ಲಿ ಕಡಿಮೆ ಪರಿಣಾಮ ಬೀರುತ್ತದೆಂದು ವಿಸ್ಕಾನ್ಸಿನ್‌ನ ಕ್ರೇಗ್ ಬೆರಿಡ್ಜ್ 2006ರಲ್ಲಿ ತೋರಿಸಿದರು. ಯೇಲ್‌ನ ಏಮಿ ಆರ್ನ್‌ಸ್ಟೆನ್ ಪ್ರಕಾರ ಮುಮ್ಮಿದುಳಿಗೆ ಡೋಪಮೈನ್ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಹದದಲ್ಲಿದ್ದಾಗಲೇ ಗಮನ ನಿಲ್ಲುತ್ತದೆ. ಇನ್ನೊಂದು ಪಂಥ, ಮಾತ್ರೆ ಗಮನವನ್ನಲ್ಲ, ಆಸಕ್ತಿಯನ್ನು ಹೆಚ್ಚಿಸುತ್ತದೆ ಎನ್ನುತ್ತದೆ. 2020ರಲ್ಲಿ ಆಂಡ್ರ್ಯೂ ವೆಸ್ಟ್‌ಬ್ರುಕ್ ಮತ್ತು ನೆದರ್ಲೆಂಡ್ಸ್‌ನ ರೋಶನ್ ಕೂಲ್ಸ್ ಕಂಡದ್ದು: ಮೀಥೈಲ್‌ಫೆನಿಡೇಟ್ ತೆಗೆದುಕೊಂಡವರು ಕಷ್ಟದ ಕೆಲಸದ ಲಾಭವನ್ನು ಹೆಚ್ಚಾಗಿ, ಶ್ರಮವನ್ನು ಕಡಿಮೆಯಾಗಿ ಎಣಿಸುತ್ತಾರೆ. 2025ರ ಕೊನೆಯಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಸಾವಿರಾರು ಮಕ್ಕಳ ಸ್ಕ್ಯಾನ್ ನೋಡಿ, ಮಾತ್ರೆಯ ಗುರುತು ಎಚ್ಚರದ ಮತ್ತು ಪ್ರತಿಫಲದ ಜಾಲಗಳಲ್ಲಿ ಕಾಣುತ್ತದೆ, ಗಮನದ ಜಾಲಗಳಲ್ಲಿ ಕಾಣುವುದಿಲ್ಲ ಎಂದಿತು. ಚೆನ್ನಾಗಿ ನಿದ್ದೆ ಮಾಡಿದ ಮಗುವಿನ ಮಿದುಳಿಗೆ ಅದು ಹೋಲುತ್ತಿತ್ತು.

ಕಾಯಿಲೆ ಇಲ್ಲದವರು ಪರೀಕ್ಷೆಗಾಗಿ ನುಂಗುವ ಬಗ್ಗೆ ಹೇಳುವುದಾದರೆ, 2023ರ ಒಂದು ಪ್ರಯೋಗ ಸಾಕು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಲವತ್ತು ಆರೋಗ್ಯವಂತರಿಗೆ, ಇಷ್ಟೇ ತೂಕದ ಚೀಲದಲ್ಲಿ ಹೆಚ್ಚು ಬೆಲೆಯ ವಸ್ತು ತುಂಬುವ ಲೆಕ್ಕ ಕೊಟ್ಟರು. ಮದ್ದು ತೆಗೆದುಕೊಂಡವರು ಹೆಚ್ಚು ಹೊತ್ತು ಹೆಣಗಿದರು, ಹೆಚ್ಚು ಸಲ ಅದಲುಬದಲು ಮಾಡಿದರು. ಆದರೆ ಯೋಚನೆಯ ಗುಣಮಟ್ಟ ಕುಸಿದಿತ್ತು. ಮದ್ದಿಲ್ಲದೆ ಚೆನ್ನಾಗಿ ಮಾಡುತ್ತಿದ್ದವರೇ ಹೆಚ್ಚು ಕೆಳಗಿಳಿದರು.

ಭಾರತದಲ್ಲಿ ಎಡಿಎಚ್‌ಡಿಗೆ ಸಿಗುವ ಉತ್ತೇಜಕ ಮುಖ್ಯವಾಗಿ ಮೀಥೈಲ್‌ಫೆನಿಡೇಟ್ ಒಂದೇ. 1985ರ ಮಾದಕ ವಸ್ತು ಕಾಯ್ದೆಯ ಹತೋಟಿಯಲ್ಲಿರುವುದರಿಂದ ಎಲ್ಲ ಔಷಧಿ ಅಂಗಡಿಗಳಲ್ಲಿ ಅದು ಇರುವುದೂ ಇಲ್ಲ. ಅಮೆರಿಕದ ಕನ್ನಡ ಮನೆಗಳ ಮಕ್ಕಳಿಗೆ ಅಲ್ಲಿನ ವೈದ್ಯರು ಬರೆದುಕೊಡುವ ಆಂಫೆಟಮಿನ್ ಮಾತ್ರೆ ಇಲ್ಲಿನ ಅಜ್ಜಿಮನೆಯ ಊರಲ್ಲಿ ಸಿಗದು.

ಇನ್ನೂ ಬಗೆಹರಿಯದವು

ಮೊದಲನೆಯದು, ಎಡಿಎಚ್‌ಡಿ ನಿಜಕ್ಕೂ ಡೋಪಮೈನ್ ಕೊರತೆಯೇ? ಮದ್ದು ಡೋಪಮೈನ್ ಏರಿಸುತ್ತದೆ, ಆದ್ದರಿಂದ ಕಾಯಿಲೆ ಅದರ ಕೊರತೆ ಎಂಬ ತರ್ಕ ನಿಲ್ಲುವುದಿಲ್ಲ. 1999ರಲ್ಲಿ ಒಂದು ತಂಡ ಎಡಿಎಚ್‌ಡಿ ಇದ್ದವರಲ್ಲಿ ಸಾಗಣೆ ಪ್ರೋಟೀನು ಶೇ 70ರಷ್ಟು ಹೆಚ್ಚಿದೆಯೆಂದಿತು. 2009ರಲ್ಲಿ ವೋಲ್ಕೋವ್ ತಂಡ, ಎಂದೂ ಮದ್ದು ತೆಗೆದುಕೊಳ್ಳದವರನ್ನು ನೋಡಿ, ಕಡಿಮೆಯಿದೆಯೆಂದಿತು. ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2012ರ ಅವಲೋಕನ, ಹೆಚ್ಚೋ ಕಡಿಮೆಯೋ ಎಂಬುದು ಹಿಂದೆ ಮದ್ದು ತೆಗೆದುಕೊಂಡಿದ್ದರೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ ಎಂದಿತು. ಮರುವರ್ಷ, ಹನ್ನೆರಡು ತಿಂಗಳು ಮೀಥೈಲ್‌ಫೆನಿಡೇಟ್ ತೆಗೆದುಕೊಂಡ ವಯಸ್ಕರಲ್ಲಿ ಸಾಗಣೆ ಪ್ರೋಟೀನು ಶೇ 24ರಷ್ಟು ಏರಿದ್ದು ಕಂಡಿತು. 2019ರಲ್ಲಿ ಮೊದಲ ಸಲ ಗಟ್ಟಿಯಾಗಿ ಗುರುತಿಸಿದ ಹನ್ನೆರಡು ವಂಶವಾಹಿ ತಾಣಗಳಲ್ಲಿ ಈ ಪ್ರೋಟೀನಿನ ವಂಶವಾಹಿ ಇರಲಿಲ್ಲ.

ಎರಡನೆಯದು ಆ ಶೇ 24ರೊಳಗೇ ಅಡಗಿದೆ. ಮಿದುಳು ಮದ್ದಿಗೆ ಎದುರಾಗಿ ಹೊಂದಿಕೊಳ್ಳುತ್ತದೆಯಾದರೆ ವರ್ಷಗಟ್ಟಲೆ ಮಾತ್ರೆ ತೆಗೆದುಕೊಂಡ ಮಗುವಿಗೆ ಲಾಭ ಎಷ್ಟು ಉಳಿಯುತ್ತದೆ? 579 ಮಕ್ಕಳ ಮೇಲೆ ನಡೆದು 1999ರಲ್ಲಿ ವರದಿಯಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಹದಿನಾಲ್ಕು ತಿಂಗಳಿಗೆ ಮದ್ದಿನ ಗುಂಪು ಮುಂದಿತ್ತು. ಮೂರನೇ ವರ್ಷಕ್ಕೆ ಗುಂಪುಗಳ ನಡುವೆ ವ್ಯತ್ಯಾಸ ಉಳಿಯಲಿಲ್ಲ. ಮದ್ದು ಸೋತಿತೋ, ಮಕ್ಕಳು ಮಾತ್ರೆ ಬಿಟ್ಟರೋ, ಎಲ್ಲ ಗುಂಪುಗಳೂ ಬೆರೆತುಹೋದವೋ ಎಂಬ ಚರ್ಚೆ ನಿಂತಿಲ್ಲ.

ಮೂರನೆಯದು ಹಾನಿಯ ಲೆಕ್ಕ. ಅತಿ ಪ್ರಮಾಣದ ಮೆಥಾಂಫೆಟಮಿನ್ ಪ್ರಾಣಿಗಳ ಡೋಪಮೈನ್ ಎಳೆಗಳನ್ನು ಸುಡುತ್ತದೆ. ಬಳಸಿ ಸತ್ತವರ ಮಿದುಳಿನಲ್ಲಿ ಡೋಪಮೈನ್ ಕುಸಿದದ್ದನ್ನು ಟೊರಾಂಟೊ ತಂಡ 1996ರಲ್ಲಿ ತೋರಿಸಿತು; ಆದರೆ 2001ರಲ್ಲಿ ವೋಲ್ಕೋವ್ ತಂಡ, ತಿಂಗಳುಗಟ್ಟಲೆ ಬಿಟ್ಟವರಲ್ಲಿ ಸಾಗಣೆ ಪ್ರೋಟೀನು ಒಂದಷ್ಟು ಮರಳಿ ಬಂದದ್ದನ್ನು ಕಂಡಿತು. ಎಳೆ ಸತ್ತಿತ್ತೋ, ಮುದುಡಿತ್ತೋ? ಈ ಕ್ಷೇತ್ರದಲ್ಲಿ ಅವಸರ ಎಷ್ಟು ದುಬಾರಿಯೆಂಬುದಕ್ಕೆ 2002ರ ಒಂದು ಪ್ರಕರಣವಿದೆ: ಎಕ್ಸ್‌ಟಸಿ ಎಂಬ ಅಮಲಿನ ಮಾತ್ರೆ ಕೋತಿಗಳ ಡೋಪಮೈನ್ ಎಳೆಗಳನ್ನು ಕೊಲ್ಲುತ್ತದೆಂದು ಸೈನ್ಸ್ ಪತ್ರಿಕೆಯಲ್ಲಿ ಬಂದ ಪ್ರಬಂಧವನ್ನು ಮರುವರ್ಷವೇ ಹಿಂತೆಗೆದುಕೊಳ್ಳಬೇಕಾಯಿತು. ಶೀಶೆಯ ಚೀಟಿ ತಪ್ಪಿ, ಕೋತಿಗಳಿಗೆ ಕೊಟ್ಟದ್ದು ಮೆಥಾಂಫೆಟಮಿನ್ ಆಗಿತ್ತು.

ಕೊನೆಯದು ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುವಂಥದ್ದು. ಡೋಪಮೈನ್ ಬಗ್ಗೆ ಇಷ್ಟೆಲ್ಲ ತಿಳಿದ ಮೇಲೂ ಕೊಕೇನ್ ಅಥವಾ ಮೆಥಾಂಫೆಟಮಿನ್ ಚಟ ಬಿಡಿಸಲು ಅಮೆರಿಕದ ಔಷಧ ಪ್ರಾಧಿಕಾರ ಒಪ್ಪಿದ ಒಂದೇ ಒಂದು ಮದ್ದಿಲ್ಲ. ಡೋಪಮೈನ್ ತಡೆಯುವ ಮದ್ದುಗಳು ಚಟ ಬಿಡಿಸಲಿಲ್ಲ. ಬದಲಿ ಉತ್ತೇಜಕ ಕೊಡುವ ಪ್ರಯೋಗಗಳ ಫಲ ಒಂದೇ ತೆರನಾಗಿಲ್ಲ. 2021ರಲ್ಲಿ ನಾಲ್ಟ್ರೆಕ್ಸೋನ್ ಮತ್ತು ಬುಪ್ರೋಪಿಯಾನ್ ಜೋಡಿ ಕೊಟ್ಟ ಮೆಥಾಂಫೆಟಮಿನ್ ಬಳಕೆದಾರರಲ್ಲಿ ಶೇ 13.6 ಜನ ಸ್ಪಂದಿಸಿದರು, ಹುಸಿಮದ್ದಿನವರಲ್ಲಿ ಶೇ 2.5. ಅದನ್ನೇ ದೊಡ್ಡ ಮುನ್ನಡೆ ಎನ್ನಬೇಕಾಯಿತು. ಸದ್ಯಕ್ಕೆ ಎಲ್ಲಕ್ಕಿಂತ ಹೆಚ್ಚು ನಾಟಿರುವುದು ಮದ್ದೇ ಅಲ್ಲ: ಮೂತ್ರ ಪರೀಕ್ಷೆಯಲ್ಲಿ ಮಾದಕ ವಸ್ತು ಕಾಣದಿದ್ದಾಗಲೆಲ್ಲ ಕೈಗೊಂದು ಸಣ್ಣ ಕೂಪನ್ ಕೊಡುವ ಪದ್ಧತಿ. ಕೊಕೇನ್‌ನಂಥ ಪ್ರವಾಹದೆದುರು ಅಂಗಡಿಯ ಕೂಪನ್ ಗೆಲ್ಲುವುದು ಹೇಗೆ, ಕೂಪನ್ ನಿಂತ ಮೇಲೆ ಆ ಗೆಲುವು ಎಷ್ಟೋ ಜನರಲ್ಲಿ ಏಕೆ ಕರಗುತ್ತದೆ ಎಂಬುದನ್ನು ಸುಖದ ವಾದವಾಗಲಿ, ಬಯಕೆಯ ವಾದವಾಗಲಿ, ಕಲಿಕೆಯ ವಾದವಾಗಲಿ ಪೂರ್ತಿಯಾಗಿ ಹೇಳಿಲ್ಲ.